ಮೇಕೆಗಳ ಹೊಟ್ಟೆಹುಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೇಕೆ ಸಾಕುವವರು ಮಾತಿಗೆ ಸಿಕ್ಕಾಗ, ಪತ್ರ ಬರೆದಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಹೆಚ್ಚಿನವರು ಮೊದಲು ಕೇಳುವುದು "ಯಾವ ಔಷಧಿ ಕೊಡಲಿ?" ಅಂತ. ಅದಕ್ಕೂ ಮುಂಚೆ "ಯಾವ ಮೇಕೆಗೆ ಕೊಡಲಿ?" ಅಂತ ಕೇಳಿಕೊಳ್ಳಬೇಕು. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ಎರಡನೇ ಪ್ರಶ್ನೆಯ ಸುತ್ತಲೇ ಇವೆ. ಔಷಧಿಯ ಅಳತೆಯನ್ನು ಮಾತ್ರ ನಿಮ್ಮ ಮೇಕೆಗಳನ್ನು ಕಣ್ಣಾರೆ ನೋಡಿದ ಪಶುವೈದ್ಯರಿಂದಲೇ ಕೇಳಿ ತಿಳಿಯಿರಿ.

## ಮೊದಲ ಪಾಠ

ಕೊಟ್ಟಿಗೆ ಶುಚಿಯಾಗೇ ಇಟ್ಟಿದ್ದೀವಿ. ಆದ್ರೂ ಹುಳು ಎಲ್ಲಿಂದ ಬರುತ್ತೆ?

ಮೇಯುವ ಹುಲ್ಲಿನಿಂದ. ಹೊಟ್ಟೆಯೊಳಗಿನ ಹೆಣ್ಣುಹುಳು ಇಟ್ಟ ಮೊಟ್ಟೆ ಹಿಕ್ಕೆಯ ಜೊತೆ ಹೊರಗೆ ಬೀಳುತ್ತದೆ. ಬೆಚ್ಚಗೆ, ಒದ್ದೆಯಾಗಿ ಇದ್ದರೆ ಮೊಟ್ಟೆ ಒಡೆದು, ಮರಿಹುಳು ಎರಡು ಸಲ ಪೊರೆ ಬಿಟ್ಟು, ಸುಮಾರು ಒಂದು ವಾರದಲ್ಲಿ ಸೋಂಕು ತಗಲಿಸುವ ಹಂತಕ್ಕೆ ಬರುತ್ತದೆ. ಆಮೇಲೆ ಹುಲ್ಲಿನ ಮೇಲಿರುವ ತೇವದಲ್ಲಿ ಮೇಲಕ್ಕೆ ಏರುತ್ತದೆ. ಮೇಕೆ ಆ ಹುಲ್ಲು ತಿಂದರೆ ಮತ್ತೆ ಹೊಟ್ಟೆ ಸೇರುತ್ತದೆ. ಸುಮಾರು ಮೂರು ವಾರಕ್ಕೆ ಅದೂ ಮೊಟ್ಟೆ ಇಡಲು ಶುರುಮಾಡುತ್ತದೆ.

ಅಂದರೆ ಯಾವ ಹೊತ್ತಿನಲ್ಲಿ ನೋಡಿದರೂ ಹುಳುಗಳ ದೊಡ್ಡ ಪಾಲು ಇರುವುದು ನೆಲದ ಮೇಲೆ, ಮೊಟ್ಟೆ ಮತ್ತು ಮರಿಹುಳುಗಳ ರೂಪದಲ್ಲಿ. ಔಷಧಿ ಹೊಟ್ಟೆಯೊಳಗಿನ ಸಣ್ಣ ಪಾಲನ್ನು ಮಾತ್ರ ಮುಟ್ಟುತ್ತದೆ.

ಎಷ್ಟೋ ಥರದ ಹುಳು ಇದೆ ಅಂತಾರೆ. ನಿಜವಾಗಿ ಮೇಕೆ ಸಾಯಿಸೋದು ಯಾವುದು?

ಬೆಚ್ಚಗಿನ, ಮಳೆ ಬೀಳುವ ಕಡೆಗಳಲ್ಲಿ ಹೀಮಾಂಕಸ್ ಕಂಟಾರ್ಟಸ್ ಅನ್ನುವ ದುಂಡುಹುಳು ಮೊದಲ ಸ್ಥಾನದಲ್ಲಿದೆ. ಮೇಕೆಯ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಕೊನೆಯದರಲ್ಲಿ ಇದು ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳುವಿನಿಂದ ದಿನಕ್ಕೆ ಹೋಗುವ ರಕ್ತ ಸುಮಾರು 0.05 ಮಿಲಿಲೀಟರ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿಲೀಟರ್ ಆಯಿತು. 25 ಕಿಲೋ ತೂಕದ ಮೇಕೆಯ ಮೈಯಲ್ಲಿರುವ ಒಟ್ಟು ರಕ್ತವೇ ಎರಡು ಲೀಟರಿಗಿಂತ ಕಡಿಮೆ.

ಇದರ ಹೆಣ್ಣು ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. 500 ಹೆಣ್ಣುಹುಳು ಇರುವ ಒಂದೇ ಮೇಕೆ ದಿನಕ್ಕೆ 25 ಲಕ್ಷ ಮೊಟ್ಟೆಯನ್ನಾದರೂ ನೆಲಕ್ಕೆ ಚೆಲ್ಲುತ್ತದೆ. ಒಳ್ಳೆ ಮಳೆಯಾದ ಕೆಲವೇ ವಾರಗಳಲ್ಲಿ ಮಂದೆಗೆ ಮಂದೆಯೇ ಸೊರಗುವುದು ಇದೇ ಕಾರಣಕ್ಕೆ.

ಟ್ರೈಕೋಸ್ಟ್ರಾಂಜಿಲಸ್, ಟೆಲಡಾರ್ಸೇಜಿಯಾ ಎಂಬ ಹುಳುಗಳು ರಕ್ತ ಹೀರುವುದಕ್ಕಿಂತ ಹೊಟ್ಟೆ ಮತ್ತು ಕರುಳಿನ ಒಳಪದರ ಕೆಡಿಸುತ್ತವೆ. ಅವುಗಳಿಂದ ಭೇದಿ, ತೂಕ ಇಳಿಯುವುದು ಜಾಸ್ತಿ. ಜೌಗು ನೆಲದಲ್ಲಿ ಯಕೃತ್ತಿನ ಚಪ್ಪಟೆ ಹುಳು, ಎಳೆ ಮರಿಗಳಲ್ಲಿ ಕಾಕ್ಸಿಡಿಯಾ. ಈ ಎರಡಕ್ಕೂ ಕೆಳಗೆ ಬೇರೆಯಾಗಿ ಉತ್ತರ ಇದೆ.

ಭೇದಿ ಇಲ್ಲ, ಹಿಕ್ಕೆ ಗಟ್ಟಿಯಾಗೇ ಇದೆ. ಹಾಗಾದ್ರೆ ಹುಳು ಇಲ್ಲ ಅಲ್ವಾ?

ಈ ನಂಬಿಕೆಯಿಂದ ಬಹಳ ಮೇಕೆಗಳು ಹೋಗಿವೆ. ಹೀಮಾಂಕಸ್ ಒಂದೇ ಇದ್ದರೆ ಸಾಮಾನ್ಯವಾಗಿ ಭೇದಿ ಆಗುವುದೇ ಇಲ್ಲ. ಹಿಕ್ಕೆ ಉಂಡೆ ಉಂಡೆಯಾಗಿ ಚೆನ್ನಾಗಿಯೇ ಬೀಳುತ್ತಿರುತ್ತದೆ, ಒಳಗೆ ರಕ್ತ ಖಾಲಿಯಾಗುತ್ತಿರುತ್ತದೆ. ಮಂದೆಯಲ್ಲಿ ಹಿಂದೆ ಬೀಳುವುದು, ಬೇಗ ಏದುಸಿರು ಬರುವುದು, ಕಣ್ಣು ಮತ್ತು ಒಸಡು ಬಿಳುಚುವುದು, ಗದ್ದದ ಕೆಳಗೆ ನೀರು ತುಂಬಿ ಜೋಲು ಬೀಳುವುದು ಇದರ ಗುರುತು.

ಹಿಕ್ಕೆಯಲ್ಲಿ ಬಿಳಿ ಅಕ್ಕಿಕಾಳಿನ ಥರ ಕಾಣ್ತಿದೆ. ಭಯ ಆಗ್ತಿದೆ, ಏನು ಮಾಡ್ಲಿ?

ಅದು ಮೊನೀಜಿಯಾ ಅನ್ನುವ ಲಾಡಿಹುಳುವಿನ ತುಂಡು. ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಉಣ್ಣೆಜಾತಿಯ ಜೀವಿಗಳನ್ನು ಮೇಕೆ ಹುಲ್ಲಿನ ಜೊತೆ ನುಂಗಿದಾಗ ಇದು ಹೊಟ್ಟೆ ಸೇರುತ್ತದೆ. ನೋಡಲು ಹೆದರಿಕೆ ಆದರೂ ದೊಡ್ಡ ಮೇಕೆಗಳಿಗೆ ಇದರಿಂದ ಅಷ್ಟೇನೂ ತೊಂದರೆ ಇಲ್ಲ. ಎಳೆ ಮರಿಗಳಲ್ಲಿ ತುಂಬಾ ಆದರೆ ಬೆಳವಣಿಗೆ ಕುಂಟಬಹುದು, ಆಗ ಔಷಧಿ ಕೊಡಿಸಿ. ಕಣ್ಣಿಗೆ ಕಾಣುವ ಈ ಹುಳುವಿಗೆ ಹೆದರಿ, ಕಾಣದೇ ಕೊಲ್ಲುವ ಹೀಮಾಂಕಸನ್ನು ಮರೆಯಬೇಡಿ.

ಒಂದು ಹುಳುವೂ ಇಲ್ಲದ ಹಾಗೆ ಮಾಡೋಕೆ ಆಗಲ್ವಾ?

ಹೊರಗೆ ಮೇಯುವ ಮೇಕೆಯಲ್ಲಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹೊಟ್ಟೆ ತುಂಬ ಒಳ್ಳೆ ಮೇವು ತಿನ್ನುವ ಗಟ್ಟಿ ಮೇಕೆ ಸ್ವಲ್ಪ ಹುಳುವನ್ನು ತಾಳಿಕೊಳ್ಳುತ್ತದೆ. ಹುಳುವಿನ ಪರಿಚಯ ಇದ್ದರೇ ಅದರ ವಿರುದ್ಧ ಶಕ್ತಿ ಬೆಳೆಯುವುದು. ಹುಳು ತೊಂದರೆ ಕೊಡುವ ಮಟ್ಟಕ್ಕೆ ಏರದಂತೆ ತಡೆಯುವುದು ನಮ್ಮ ಕೆಲಸ.

## ನೋಡಿ ತಿಳಿಯುವುದು

ಕಣ್ಣು ನೋಡಿ ಹುಳು ಹೇಳಬಹುದು ಅಂತಾರಲ್ಲ, ಅದು ಹೇಗೆ?

ಈ ವಿಧಾನಕ್ಕೆ ಫಮಾಚಾ ಅಂತ ಹೆಸರು. ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿನ ಪಶುವೈದ್ಯ ಫಾಫಾ ಮಲಾನ್ ಅವರ ಹೆಸರಿಗೆ 'ಚಾರ್ಟ್' ಸೇರಿ ಈ ಹೆಸರಾಗಿದೆ. ಕಣ್ಣಿನ ಕೆಳರೆಪ್ಪೆಯ ಒಳಭಾಗದ ಬಣ್ಣವನ್ನು ಐದು ಬಣ್ಣಗಳಿರುವ ಕಾರ್ಡಿನ ಜೊತೆ ಹೋಲಿಸಿ ಅಂಕ ಕೊಡುತ್ತಾರೆ. 1 ಅಂದರೆ ಚೆನ್ನಾಗಿ ಕೆಂಪು, 5 ಅಂದರೆ ಕಾಗದದಷ್ಟು ಬಿಳಿ.

ನೋಡುವುದು ಹಗಲು ಬೆಳಕಿನಲ್ಲಿ, ನೆರಳು ಬೀಳದ ಹಾಗೆ. ಹೆಬ್ಬೆರಳಿನಿಂದ ಮೇಲಿನ ರೆಪ್ಪೆ ಮುಚ್ಚಿ ಕಣ್ಣುಗುಡ್ಡೆಯನ್ನು ಮೆಲ್ಲಗೆ ಒತ್ತಿ, ಇನ್ನೊಂದು ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆಯಿರಿ. ಒಳಪೊರೆ ತಾನೇ ಹೊರಗೆ ಬರುತ್ತದೆ. ಅತಿ ಕೆಂಪಾದ ಭಾಗದ ಬಣ್ಣ ನೋಡಿ, ಬೇಗ ಬಿಟ್ಟುಬಿಡಿ. ತುಂಬಾ ಹೊತ್ತು ಹಿಡಿದರೆ ಬಣ್ಣ ಬದಲಾಗುತ್ತದೆ. ಎರಡೂ ಕಣ್ಣು ನೋಡಿ, ಬೇರೆ ಬೇರೆ ಕಂಡರೆ ಹೆಚ್ಚು ಬಿಳುಚಿದ ಕಣ್ಣಿನ ಅಂಕವನ್ನೇ ಹಿಡಿಯಿರಿ.

1 ಮತ್ತು 2 ಬಂದರೆ ಔಷಧಿ ಬೇಡ. 4 ಮತ್ತು 5ಕ್ಕೆ ತಡಮಾಡದೆ ಕೊಡಿ. 3 ಬಂದಾಗ ನಿಮ್ಮ ತೀರ್ಮಾನ ಬೇಕು. ಮರಿ, ಗಬ್ಬದ ಮೇಕೆ, ಹಾಲು ಕೊಡುವ ತಾಯಿ, ಬಡಕಲು ಮೇಕೆ ಆಗಿದ್ದರೆ ಕೊಡುವುದೇ ಕ್ಷೇಮ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆಯಾದರೂ ನೋಡಬೇಕು. ಕಾರ್ಡ್ ಇಲ್ಲದೆ ಬಣ್ಣವನ್ನು ನೆನಪಿನಿಂದ ಅಂದಾಜು ಮಾಡುವುದು ನನಗೆ ಒಪ್ಪಿಗೆಯಿಲ್ಲ. ದಿನಾ ನೋಡುವ ಕಣ್ಣು ನಿಧಾನವಾಗಿ ಬಿಳುಚಿದರೆ ನಮಗೆ ಗೊತ್ತೇ ಆಗುವುದಿಲ್ಲ.

ಕಣ್ಣು ಕೆಂಪಗೇ ಇದೆ, ಆದ್ರೆ ಮೇಕೆ ಒಣಗ್ತಾ ಇದೆ. ಇನ್ನೇನು ನೋಡ್ಬೇಕು?

ಕಣ್ಣಿನ ಬಣ್ಣ ಹೇಳುವುದು ರಕ್ತ ಕಡಿಮೆಯಾಗಿದೆಯೋ ಇಲ್ಲವೋ ಅಂತ ಮಾತ್ರ. ರಕ್ತ ಹೀರದ ಹುಳುಗಳನ್ನು ಅದು ತೋರಿಸುವುದಿಲ್ಲ. ಅದಕ್ಕೇ ಬೆನ್ನುಮೂಳೆಯ ಮೇಲೆ ಕೈಯಾಡಿಸಿ, ಮಾಂಸ ಎಷ್ಟಿದೆ ನೋಡಿ. ಬಾಲದ ಸುತ್ತ ಭೇದಿ ಮೆತ್ತಿದೆಯಾ ನೋಡಿ. ಗದ್ದದ ಕೆಳಗೆ ಮುಟ್ಟಿ. ರೋಮ ಒರಟಾಗಿ ನಿಂತಿದೆಯಾ, ಹೊಳಪು ಹೋಗಿದೆಯಾ ಗಮನಿಸಿ.

ಹಾಗೆಯೇ ಬಿಳುಚಿದ ಕಣ್ಣಿಗೆಲ್ಲ ಹೀಮಾಂಕಸೇ ಕಾರಣ ಅಂತಲೂ ಅಲ್ಲ. ಹೇನು, ಉಣ್ಣೆ, ಯಕೃತ್ತಿನ ಹುಳು, ಮೇವಿನ ಕೊರತೆಯಿಂದಲೂ ರಕ್ತ ಇಳಿಯುತ್ತದೆ. ಹಲ್ಲು ಸವೆದ ಮುದಿ ಮೇಕೆ ಹುಳು ಇಲ್ಲದೆಯೂ ಒಣಗುತ್ತದೆ.

ಹಿಕ್ಕೆ ಪರೀಕ್ಷೆ ಮಾಡಿಸೋದ್ರಿಂದ ಏನು ಉಪಯೋಗ?

ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟು ಮೊಟ್ಟೆ ಇದೆ ಅಂತ ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಮ್ಯಾಕ್‌ಮಾಸ್ಟರ್ ವಿಧಾನ ಇದಕ್ಕೆ ಸಾಮಾನ್ಯವಾಗಿ ಬಳಕೆಯಲ್ಲಿದೆ. ಮೇಯುವ ಜಾಗಕ್ಕೆ ಯಾವ ಮೇಕೆ ಹೆಚ್ಚು ಮೊಟ್ಟೆ ಚೆಲ್ಲುತ್ತಿದೆ, ಕೊಟ್ಟ ಔಷಧಿ ಕೆಲಸ ಮಾಡಿತಾ ಅನ್ನುವ ಎರಡು ವಿಷಯ ಇದರಿಂದ ಚೆನ್ನಾಗಿ ತಿಳಿಯುತ್ತದೆ. ಹಿಕ್ಕೆಯನ್ನು ನೆಲದಿಂದ ಆರಿಸದೆ, ಕೈಗವಸು ಹಾಕಿ ನೇರವಾಗಿ ಮೇಕೆಯ ಗುದದಿಂದಲೇ ತೆಗೆಯಿರಿ. ಗಾಳಿ ಹೋಗದಂತೆ ಕಟ್ಟಿ ತಣ್ಣಗಿಡಿ. ಬಿಸಿಲಲ್ಲಿ ಬಿಟ್ಟರೆ ಮೊಟ್ಟೆ ಒಡೆದು ಮರಿಯಾಗಿ, ಎಣಿಕೆ ಕಡಿಮೆ ಬರುತ್ತದೆ.

ಎಣಿಕೆಯೊಂದನ್ನೇ ನಂಬಿ ಕೂರಬೇಡಿ. ಹುಳು ಇನ್ನೂ ಬೆಳೆದಿರದಿದ್ದರೆ ಮೊಟ್ಟೆ ಇರುವುದಿಲ್ಲ, ಆದರೆ ರಕ್ತ ಹೀರುವುದು ಶುರುವಾಗಿರುತ್ತದೆ.

## ಔಷಧಿ

ಮೂರು ತಿಂಗಳಿಗೊಮ್ಮೆ ಎಲ್ಲಕ್ಕೂ ಕುಡಿಸ್ತೀವಿ. ಅದ್ರಲ್ಲಿ ತಪ್ಪೇನಿದೆ?

ಬಹಳ ವರ್ಷ ಇದನ್ನೇ ಹೇಳಿಕೊಡಲಾಗಿತ್ತು, ಹಾಗಾಗಿ ಮಾಡುವವರ ಮೇಲೆ ತಪ್ಪು ಹೊರಿಸಲಾಗದು. ಆದರೆ ಈ ಪದ್ಧತಿಯೇ ಔಷಧಿಗಳನ್ನು ಕೆಲಸಕ್ಕೆ ಬಾರದ ಹಾಗೆ ಮಾಡಿದೆ.

ಪ್ರತಿ ಸಲ ಕುಡಿಸಿದಾಗಲೂ ಔಷಧಿಗೆ ಬಗ್ಗದ ಕೆಲವು ಹುಳು ಉಳಿಯುತ್ತವೆ. ಇಡೀ ಮಂದೆಗೆ ಕೊಟ್ಟರೆ ಆಮೇಲೆ ನೆಲಕ್ಕೆ ಬೀಳುವ ಮೊಟ್ಟೆಗಳೆಲ್ಲ ಆ ಗಟ್ಟಿ ಹುಳುಗಳದ್ದೇ. ಕೆಲವು ಮೇಕೆಗಳಿಗೆ ಕೊಡದೆ ಬಿಟ್ಟರೆ, ಅವುಗಳ ಹೊಟ್ಟೆಯಲ್ಲಿರುವ ಔಷಧಿಗೆ ಬಗ್ಗುವ ಹುಳುಗಳು ಗಟ್ಟಿ ಹುಳುಗಳ ಜೊತೆ ಬೆರೆತು, ಅವುಗಳ ಪಾಲು ಏರದಂತೆ ತಡೆಯುತ್ತವೆ. ಹುಳು ಎಲ್ಲ ಮೇಕೆಗಳಲ್ಲೂ ಸಮನಾಗಿ ಇರುವುದೂ ಇಲ್ಲ. ಮಂದೆಯ ಸುಮಾರು 20ರಿಂದ 30 ಶೇಕಡಾ ಮೇಕೆಗಳೇ ಹೆಚ್ಚುಕಡಿಮೆ 80 ಶೇಕಡಾ ಮೊಟ್ಟೆಯನ್ನು ಚೆಲ್ಲುತ್ತವೆ. ಆ ಮೇಕೆಗಳನ್ನು ಹುಡುಕಿ ಔಷಧಿ ಕೊಟ್ಟರೆ ಹೆಚ್ಚಿನ ಕೆಲಸ ಮುಗಿಯುತ್ತದೆ.

ಕುಡಿಸಿದ ತಕ್ಷಣ ಖಾಲಿ ಬಿಟ್ಟ ಹೊಸ ಜಾಗಕ್ಕೆ ಇಡೀ ಮಂದೆಯನ್ನು ಹೊಡೆಯುವುದೂ ಇದೇ ಕಾರಣಕ್ಕೆ ಕೆಟ್ಟದ್ದು. ಆ ಜಾಗದಲ್ಲಿ ಗಟ್ಟಿ ಹುಳುವನ್ನು ನಾವೇ ಬಿತ್ತಿದ ಹಾಗಾಗುತ್ತದೆ.

ಪ್ರತಿ ಸಲ ಕಂಪನಿ ಬದಲಾಯಿಸ್ತೀವಿ. ಆದ್ರೂ ಹುಳು ಬಗ್ತಿಲ್ಲ, ಯಾಕೆ?

ಕಂಪನಿ ಬದಲಾದರೂ ಔಷಧಿಯ ಗುಂಪು ಬದಲಾಗಿರುವುದಿಲ್ಲ. ದುಂಡುಹುಳುವಿಗೆ ಮುಖ್ಯವಾಗಿ ಮೂರು ಗುಂಪು ಇವೆ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ಒಂದು ಗುಂಪು. ಐವರ್‌ಮೆಕ್ಟಿನ್, ಡೋರಾಮೆಕ್ಟಿನ್, ಮಾಕ್ಸಿಡೆಕ್ಟಿನ್ ಇನ್ನೊಂದು. ಲೆವಾಮಿಸೋಲ್, ಮೊರಾಂಟೆಲ್ ಮೂರನೆಯದು. ಆಲ್ಬೆಂಡಜೋಲ್ ಸೋತ ಕಡೆ ಫೆನ್‌ಬೆಂಡಜೋಲ್ ಕೊಟ್ಟರೆ ಏನೂ ಪ್ರಯೋಜನ ಇಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಹೆಸರು ಬಿಡಿ, ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ.

ಗುಂಪು ಬದಲಾಯಿಸಿದರೂ ಸಾಕಾಗದ ಕಡೆ, ಪಶುವೈದ್ಯರು ಎರಡು ಗುಂಪಿನ ಔಷಧಿಯನ್ನು ಒಂದೇ ದಿನ ಕೊಡಿಸಬಹುದು. ಲೆಕ್ಕ ಸರಳ. ಒಂದು ಔಷಧಿ 100 ಹುಳುಗಳಲ್ಲಿ 80ನ್ನು ಕೊಂದರೆ 20 ಉಳಿಯುತ್ತವೆ. ಬೇರೆ ಗುಂಪಿನ ಇನ್ನೊಂದು ಔಷಧಿ ಆ 20ರಲ್ಲಿ 80 ಶೇಕಡಾ ಕೊಂದರೆ ಉಳಿಯುವುದು 4. ಎರಡನ್ನೂ ಪೂರ್ತಿ ಅಳತೆಯಲ್ಲಿ, ಬೇರೆ ಬೇರೆ ಸಿರಿಂಜಿನಲ್ಲಿ ಕೊಡಬೇಕು. ಕಲಸಬಾರದು.

ಔಷಧಿ ಕೆಲಸ ಮಾಡಿದೆಯೋ ಇಲ್ಲವೋ ಖಚಿತ ಮಾಡ್ಕೊಳ್ಳೋದು ಹೇಗೆ?

ಕುಡಿಸುವ ದಿನ ಹಿಕ್ಕೆ ಪರೀಕ್ಷೆ ಮಾಡಿಸಿ. 10ರಿಂದ 14 ದಿನ ಬಿಟ್ಟು ಅದೇ ಮೇಕೆಗಳ ಹಿಕ್ಕೆ ಮತ್ತೆ ಕೊಡಿ. ಮೊಟ್ಟೆ 95 ಶೇಕಡಾ ಇಳಿಯದಿದ್ದರೆ ಹುಳು ಆ ಔಷಧಿಗೆ ಒಗ್ಗಿಕೊಂಡಿದೆ ಅಂತ ಅನುಮಾನಪಡಬೇಕು. ಒಂದೇ ಮೇಕೆಯ ಫಲಿತಾಂಶ ನೋಡಿ ತೀರ್ಮಾನಿಸಬೇಡಿ, ಸುಮಾರು ಹತ್ತು ಮೇಕೆಗಳಾದರೂ ಇರಲಿ.

ಕುರಿಗೆ ಕೊಡುವಷ್ಟೇ ಮೇಕೆಗೂ ಕೊಡಬಹುದಾ?

ಮೇಕೆಯ ಮೈ ಈ ಔಷಧಿಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ. ಹಾಗಾಗಿ ಬಾಯಿಗೆ ಹಾಕುವ ಹೆಚ್ಚಿನ ಜಂತುನಾಶಕಗಳನ್ನು ಕುರಿಯ ಅಳತೆಯ ಒಂದೂವರೆಯಿಂದ ಎರಡು ಪಟ್ಟು ಕೊಡುತ್ತಾರೆ. ಲೆವಾಮಿಸೋಲ್ ವಿಷಯದಲ್ಲಿ ಮಾತ್ರ ಎಚ್ಚರ. ಅದರಲ್ಲಿ ಒಂದೂವರೆ ಪಟ್ಟೇ ಮಿತಿ, ದಾಟಿದರೆ ಜೊಲ್ಲು, ನಡುಕ ಬಂದು ಪ್ರಾಣಕ್ಕೂ ಅಪಾಯ. ಕಡಿಮೆ ಕೊಡುವುದೂ ಕೆಟ್ಟದ್ದೇ, ಅರೆಬರೆ ಔಷಧಿ ಗಟ್ಟಿ ಹುಳುಗಳನ್ನು ಆರಿಸಿ ಉಳಿಸುತ್ತದೆ. ಇದಕ್ಕೇ ಪಶುವೈದ್ಯರ ಮಾತು ಬೇಕು ಅನ್ನುವುದು. ಅಳತೆ ಏರಿಸಿದಾಗ ಹಾಲು, ಮಾಂಸ ಬಳಸದೆ ಕಾಯುವ ದಿನಗಳೂ ಹೆಚ್ಚಾಗುತ್ತವೆ. ಎಷ್ಟು ದಿನ ಅಂತ ಅವರನ್ನೇ ಕೇಳಿ.

ಕುಡಿಸುವಾಗ ಅರ್ಧ ಹೊರಗೆ ಬರುತ್ತೆ. ಸರಿಯಾಗಿ ಕುಡಿಸೋದು ಹೇಗೆ?

ಮೊದಲು ತೂಕ ನೋಡಿ. ಕಣ್ಣಂದಾಜು ಸಾಮಾನ್ಯವಾಗಿ ಕಡಿಮೆಯೇ ಆಗುತ್ತದೆ. ಔಷಧಿಯ ಬಾಟಲಿ ಚೆನ್ನಾಗಿ ಅಲ್ಲಾಡಿಸಿ. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ ತೂರಿಸಿ, ನಾಲಿಗೆಯ ಹಿಂಭಾಗದ ಮೇಲೆ ನಿಧಾನವಾಗಿ ಬಿಡಿ. ಬಾಯಿಯ ಮುಂದೆ ಬಿಟ್ಟರೆ ಔಷಧಿ ಮೊದಲ ಹೊಟ್ಟೆಯನ್ನು ತಪ್ಪಿಸಿ ಮುಂದಕ್ಕೆ ಹೋಗಿ, ಬೇಗ ಹೊರಬಿದ್ದು ಪರಿಣಾಮ ಕಡಿಮೆಯಾಗಬಹುದು. ತಲೆಯನ್ನು ತುಂಬಾ ಮೇಲಕ್ಕೆ ಎತ್ತಬೇಡಿ, ಔಷಧಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಕೆಮ್ಮಿದರೆ ನಿಲ್ಲಿಸಿ.

ಗಬ್ಬದ ಮೇಕೆಗೆ ಕೊಡಬಹುದಾ?

ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು, ಹೊಟ್ಟೆಯ ಮರಿಗೆ ಊನ ಆಗಬಹುದು. ಬೇರೆ ಔಷಧಿಗಳಿವೆ, ಪಶುವೈದ್ಯರು ಆರಿಸಿ ಕೊಡುತ್ತಾರೆ.

ಈಯುವ ಹೊತ್ತಿಗೆ ಇನ್ನೊಂದು ಸಂಗತಿ ನಡೆಯುತ್ತದೆ. ಈಯುವ ಸುಮಾರು ಎರಡು ವಾರ ಮುಂಚಿನಿಂದ ಈದ ಕೆಲವು ವಾರಗಳವರೆಗೆ ತಾಯಿಯ ರೋಗ ತಡೆಯುವ ಶಕ್ತಿ ತಗ್ಗುತ್ತದೆ. ಒಳಗೆ ಸುಮ್ಮನೆ ಮಲಗಿದ್ದ ಹುಳುಗಳೂ ಎದ್ದು ಮೊಟ್ಟೆ ಇಡುತ್ತವೆ. ಸರಿಯಾಗಿ ಅದೇ ಸಮಯಕ್ಕೆ ಎಳೆ ಮರಿಗಳು ಹುಲ್ಲಿಗೆ ಬಾಯಿ ಹಾಕಲು ಶುರುಮಾಡುತ್ತವೆ. ಈ ವಾರಗಳಲ್ಲಿ ತಾಯಿಯ ಕಣ್ಣನ್ನು ತಪ್ಪದೆ ನೋಡಿ, ಮೇವಿನಲ್ಲಿ ಪ್ರೋಟೀನ್ ಹೆಚ್ಚಿಸಿ. ಪ್ರೋಟೀನ್ ಸಿಕ್ಕಿದ ತಾಯಿ ಹುಳುವನ್ನು ಚೆನ್ನಾಗಿ ತಡೆಯುತ್ತದೆ.

ಬೇವು, ಬೆಳ್ಳುಳ್ಳಿ, ಕುಂಬಳಬೀಜ ಕೊಟ್ರೆ ಸಾಲದಾ?

ಕಣ್ಣು ಬಿಳುಚಿದ ಮೇಕೆಗೆ ಇವನ್ನು ನಂಬಿ ದಿನ ಕಳೆಯಬೇಡಿ. ಪರೀಕ್ಷೆಗಳಲ್ಲಿ ಇವುಗಳ ಫಲ ಒಂದೊಂದು ಕಡೆ ಒಂದೊಂದು ಥರ ಬಂದಿದೆ. ಟ್ಯಾನಿನ್ ಅನ್ನುವ ಒಗರು ಅಂಶ ಇರುವ ಮೇವಿನ ಮಾತು ಬೇರೆ. ಸೆರಿಸಿಯಾ ಲೆಸ್ಪಿಡೀಜಾ ಅನ್ನುವ ಮೇವಿನ ಗಿಡ ಮೊಟ್ಟೆಯ ಎಣಿಕೆ ಇಳಿಸುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದೂ ವಾರಗಟ್ಟಲೆ ತಿಂದರೆ ಸಿಗುವ ಲಾಭ, ತುರ್ತಿಗೆ ಆಗುವಂಥದ್ದಲ್ಲ.

ಮೇಕೆ ಬಿದ್ದುಬಿಟ್ಟಿದೆ, ಕಣ್ಣು ಪೂರ್ತಿ ಬಿಳಿ. ಈಗೇನು ಮಾಡ್ಲಿ?

ಪಶುವೈದ್ಯರನ್ನು ಕೂಡಲೇ ಕರೆಯಿರಿ. ಅವರು ಬರುವವರೆಗೆ ಮೇಕೆಯನ್ನು ಎಬ್ಬಿಸಿ ನಡೆಸಬೇಡಿ, ಓಡಿಸಬೇಡಿ. ರಕ್ತ ತೀರಾ ಕಡಿಮೆ ಇರುವಾಗ ಹೆದರಿಕೆ, ಓಟದಿಂದಲೇ ಪ್ರಾಣ ಹೋಗಬಹುದು. ನೆರಳಲ್ಲಿ ಎದೆಯ ಮೇಲೆ ಕೂರಿಸಿ ಆನಿಸಿ, ನೀರು ಮತ್ತು ಎಳೆ ಸೊಪ್ಪನ್ನು ಬಾಯ ಹತ್ತಿರಕ್ಕೆ ತನ್ನಿ. ಔಷಧಿ ಹುಳುವನ್ನು ಕೊಂದರೂ ಹೋದ ರಕ್ತ ಮರಳಲು ವಾರಗಳೇ ಬೇಕು. ಆ ವಾರಗಳ ಆರೈಕೆಯಲ್ಲಿ ಮೇಕೆ ಉಳಿಯುವುದು, ಹೋಗುವುದು ನಿರ್ಧಾರವಾಗುತ್ತದೆ. ಒಳ್ಳೆ ಪ್ರೋಟೀನ್ ಇರುವ ಮೇವು ಕೊಡುತ್ತಾ, ಹೊಸ ಹುಳು ಸೇರದ ಜಾಗದಲ್ಲಿ ಇಡಿ.

## ಮರಿಗಳು, ಜಾಗ, ಹೊಸ ಮೇಕೆಗಳು

ಎರಡು ತಿಂಗಳ ಮರಿಗೆ ಭೇದಿ. ಜಂತು ಔಷಧಿ ಎರಡು ಸಲ ಕೊಟ್ರೂ ನಿಂತಿಲ್ಲ.

ಕಾಕ್ಸಿಡಿಯಾ ಇರಬಹುದು. ಇದು ಹುಳುವಲ್ಲ, ಕರುಳಿನ ಜೀವಕೋಶದೊಳಗೆ ಬೆಳೆಯುವ ಐಮೀರಿಯಾ ಅನ್ನುವ ಏಕಕೋಶ ಜೀವಿ. ಜಂತುನಾಶಕಕ್ಕೆ ಬಗ್ಗುವುದೇ ಇಲ್ಲ. ಮೂರು ವಾರದಿಂದ ಐದು ತಿಂಗಳ ಮರಿಗಳಿಗೆ ಇದರ ಕಾಟ ಜಾಸ್ತಿ. ತಾಯಿಯಿಂದ ಬಿಡಿಸಿದಾಗ, ಜಾಗ ಇಕ್ಕಟ್ಟಾದಾಗ, ಸಾಗಿಸಿದಾಗ ಎದ್ದುಬರುತ್ತದೆ. ನೀರಿನಂಥ ಭೇದಿ, ಹಿಕ್ಕೆ ಹಾಕಲು ತಿಣುಕುವುದು, ಕೆಲವೊಮ್ಮೆ ರಕ್ತ. ಬದುಕಿದ ಮರಿಯ ಕರುಳು ಹಾಳಾಗಿ ಬೆಳವಣಿಗೆ ಕುಂಟುವುದು ದೊಡ್ಡ ನಷ್ಟ.

ಹಿಕ್ಕೆ ಪರೀಕ್ಷೆ ಮಾಡಿಸಿ. ಸಲ್ಫಾ ಗುಂಪಿನ ಔಷಧಿ, ಆಂಪ್ರೋಲಿಯಂ, ಟೋಲ್ಟ್ರಾಜುರಿಲ್ ಇದಕ್ಕೆ ಬಳಕೆಯಲ್ಲಿವೆ. ಆಂಪ್ರೋಲಿಯಂ ಹೆಚ್ಚು ದಿನ ಕೊಟ್ಟರೆ ಬಿ1 ಜೀವಸತ್ವ ಕಡಿಮೆಯಾಗಿ ಮೆದುಳಿಗೆ ತೊಂದರೆ ಆಗುತ್ತದೆ, ಹೇಳಿದ ದಿನ ಮೀರಬೇಡಿ. ಒಣ ನೆಲ, ಹಿಕ್ಕೆ ಬೀಳದಷ್ಟು ಎತ್ತರದ ಗೋದಲಿ, ಮರಿಗಳು ಹತ್ತಿ ನಿಲ್ಲಲಾಗದ ನೀರಿನ ತೊಟ್ಟಿ ಇದ್ದರೆ ಅರ್ಧ ಕಾಟ ಕಡಿಮೆ.

ಮೇಯುವ ಜಾಗವನ್ನು ಎಷ್ಟು ದಿನ ಖಾಲಿ ಬಿಡ್ಬೇಕು?

ಸೋಂಕು ತಗಲಿಸುವ ಮರಿಹುಳುವಿನ ಮೈಮೇಲೆ ಹಳೆ ಪೊರೆ ಹಾಗೇ ಉಳಿದಿರುತ್ತದೆ. ಅದು ಏನೂ ತಿನ್ನಲಾಗದು, ಕೂಡಿಟ್ಟ ಶಕ್ತಿ ತೀರಿದರೆ ಸಾಯುತ್ತದೆ. ಬಿಸಿಯಲ್ಲಿ ಚುರುಕಾಗಿ ಓಡಾಡಿ ಬೇಗ ಸಾಯುತ್ತದೆ, ತಂಪಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಬಿಸಿ ಹವೆಯಲ್ಲಿ ಎರಡು ಮೂರು ತಿಂಗಳು ಬಿಟ್ಟರೆ ಬಹುಪಾಲು ಇಳಿಯುತ್ತದೆ, ತಂಪಾದ ಒದ್ದೆ ಹವೆಯಲ್ಲಿ ಆರು ತಿಂಗಳೂ ಸಾಲದು.

ಅಷ್ಟು ಜಾಗ ಇಲ್ಲದವರು ಹುಲ್ಲಿನ ಎತ್ತರ ನೋಡಿಕೊಳ್ಳಿ. ಮರಿಹುಳುಗಳು ಹೆಚ್ಚಾಗಿ ನೆಲದಿಂದ 5ರಿಂದ 7 ಸೆಂಟಿಮೀಟರ್ ಒಳಗೇ ಇರುತ್ತವೆ. ಹುಲ್ಲು 10 ಸೆಂಟಿಮೀಟರಿಗೆ ಇಳಿಯುವ ಮೊದಲೇ ಮಂದೆಯನ್ನು ಎಬ್ಬಿಸಿ. ಮೇಕೆಯ ಬಾಯಿ ಹುಟ್ಟಿನಿಂದಲೇ ಗಿಡ, ಪೊದೆಯ ಸೊಪ್ಪಿನ ಕಡೆಗೆ ಹೋಗುವಂಥದ್ದು. ಎತ್ತರದ ಸೊಪ್ಪು ಸಿಕ್ಕರೆ ಹುಳು ಸೇರುವುದು ತುಂಬಾ ಕಡಿಮೆ. ದನಗಳನ್ನು ಅದೇ ಜಾಗದಲ್ಲಿ ಮೇಯಿಸಿದರೂ ಲಾಭ, ಮೇಕೆಯ ಹುಳುಗಳಲ್ಲಿ ಹೆಚ್ಚಿನವು ದನದ ಹೊಟ್ಟೆಯಲ್ಲಿ ಬೆಳೆಯಲಾರದೆ ಸಾಯುತ್ತವೆ. ಕುರಿಯಿಂದ ಈ ಲಾಭ ಇಲ್ಲ, ಕುರಿಗೂ ಮೇಕೆಗೂ ಅವೇ ಹುಳು.

ಹೊಸ ಮೇಕೆ ತಂದ್ರೆ ನೇರವಾಗಿ ಮಂದೆಗೆ ಬಿಡಬಹುದಾ?

ಬೇಡ. ಹೊಸ ಮೇಕೆಯ ಹೊಟ್ಟೆಯಲ್ಲಿ ಬೇರೆ ಕಡೆಯ ಗಟ್ಟಿ ಹುಳು ಇರಬಹುದು. ಬೇರೆ ಇಟ್ಟು, ಪಶುವೈದ್ಯರ ಸಲಹೆಯಂತೆ ಕನಿಷ್ಠ ಎರಡು ಗುಂಪಿನ ಔಷಧಿ ಒಟ್ಟಿಗೆ ಕೊಡಿಸಿ. ಎರಡು ವಾರದ ಮೇಲೆ ಹಿಕ್ಕೆ ಪರೀಕ್ಷೆಯಲ್ಲಿ ಮೊಟ್ಟೆ ಇಲ್ಲ ಅಂತ ಖಚಿತವಾದ ಮೇಲೆ, ನಿಮ್ಮ ಮಂದೆ ಈಗಾಗಲೇ ಮೇಯ್ದ ಜಾಗಕ್ಕೇ ಬಿಡಿ.

ನೀರು ನಿಲ್ಲುವ ಜಾಗದಲ್ಲಿ ಮೇಯ್ದ ಮೇಕೆಗಳಿಗೇ ಗದ್ದ ಊದುತ್ತೆ. ಯಾಕೆ?

ಯಕೃತ್ತಿನ ಚಪ್ಪಟೆ ಹುಳು ಇರಬಹುದು. ಇದು ನೀರಿನ ಬಸವನಹುಳುವಿನ ಮೈಯಲ್ಲಿ ಬೆಳೆದು, ಆಮೇಲೆ ನೀರಂಚಿನ ಹುಲ್ಲಿಗೆ ಅಂಟಿಕೊಂಡು ಕಾಯುತ್ತದೆ. ಐವರ್‌ಮೆಕ್ಟಿನ್, ಲೆವಾಮಿಸೋಲ್ ಇದಕ್ಕೆ ತಾಗುವುದಿಲ್ಲ. ಟ್ರೈಕ್ಲಾಬೆಂಡಜೋಲ್ ಎಳೆ ಹುಳುವನ್ನೂ ಕೊಲ್ಲುತ್ತದೆ, ಆಕ್ಸಿಕ್ಲೋಜನೈಡ್ ಬೆಳೆದದ್ದನ್ನು ಮಾತ್ರ. ಜೌಗು ಭಾಗಕ್ಕೆ ಬೇಲಿ ಹಾಕಿ, ನೀರನ್ನು ತೊಟ್ಟಿಯಲ್ಲಿ ಕುಡಿಸಿ.

## ಇನ್ನೂ ಮುಂದೆ

ತಾಮ್ರದ ಗುಳಿಗೆ ಹುಳುವಿಗೆ ಒಳ್ಳೇದಂತೆ, ಹೌದಾ?

ತಾಮ್ರದ ಆಕ್ಸೈಡ್ ತಂತಿಯ ಸಣ್ಣ ಚೂರುಗಳನ್ನು ಗುಳಿಗೆಯಲ್ಲಿ ತುಂಬಿ ನುಂಗಿಸುತ್ತಾರೆ. ಚೂರುಗಳು ನಾಲ್ಕನೇ ಹೊಟ್ಟೆಯಲ್ಲಿ ಕೂತು ನಿಧಾನವಾಗಿ ತಾಮ್ರ ಬಿಡುತ್ತವೆ. ಹೀಮಾಂಕಸ್ ಇಳಿಯುತ್ತದೆ, ಬೇರೆ ಹುಳುಗಳಿಗೆ ಅಷ್ಟಾಗಿ ತಾಗುವುದಿಲ್ಲ. ಆದರೆ ತಾಮ್ರ ಯಕೃತ್ತಿನಲ್ಲಿ ಸೇರುತ್ತಾ ಹೋಗಿ ವಿಷವಾಗಬಹುದು. ಮೇವು, ಖನಿಜ ಮಿಶ್ರಣದಲ್ಲಿ ಎಷ್ಟು ತಾಮ್ರ ಇದೆ ಅಂತ ಲೆಕ್ಕ ಹಾಕದೆ ಕೊಡಬೇಡಿ. ಮೈಲುತುತ್ತದ ನೀರು ಇದಕ್ಕೆ ಬದಲಿ ಆಗುವುದಿಲ್ಲ.

ಮೇಕೆ ಒಂದೇ ಕಡೆ ಸುತ್ತುತ್ತೆ. ನಾಯಿಗೂ ಔಷಧಿ ಹಾಕ್ಸಿ ಅಂದ್ರು, ಏನು ಸಂಬಂಧ?

ನಾಯಿಯ ಒಂದು ಜಾತಿಯ ಲಾಡಿಹುಳುವಿನ ಮೊಟ್ಟೆ ಮೇಕೆಯ ಹೊಟ್ಟೆ ಸೇರಿದರೆ, ಮರಿಹುಳು ಮೆದುಳಿಗೆ ಹೋಗಿ ನೀರಿನ ಗುಳ್ಳೆಯಾಗುತ್ತದೆ. ಮೇಕೆ ಸುತ್ತು ಹೊಡೆಯುತ್ತದೆ, ತಲೆ ಓರೆ ಮಾಡುತ್ತದೆ. ಸತ್ತ ಮೇಕೆಯ ತಲೆಯನ್ನು ನಾಯಿ ತಿಂದರೆ ಚಕ್ರ ಪೂರ್ತಿಯಾಗುತ್ತದೆ. ಸುತ್ತುವುದಕ್ಕೆ ಬೇರೆ ಕಾಯಿಲೆಗಳೂ ಕಾರಣ ಇರಬಹುದು, ಪಶುವೈದ್ಯರಿಗೆ ತೋರಿಸಿ. ಇದೇ ದಾರಿಯ ಇನ್ನೊಂದು ಹುಳು ಎಕೈನೋಕಾಕಸ್, ಅದು ಮನುಷ್ಯರ ಯಕೃತ್ತು, ಶ್ವಾಸಕೋಶದಲ್ಲೂ ಗುಳ್ಳೆ ಕಟ್ಟುತ್ತದೆ. ನಾಯಿಗೆ ಹಸಿ ಕರುಳು, ತಲೆ, ಯಕೃತ್ತು ಹಾಕಬೇಡಿ. ಕಾಲಕಾಲಕ್ಕೆ ಪ್ರಾಜಿಕ್ವಾಂಟೆಲ್ ಕೊಡಿಸಿ. ಸತ್ತ ಮೇಕೆಯನ್ನು ಆಳವಾಗಿ ಹೂಳಿ.

ಹುಳುವಿಗೆ ಲಸಿಕೆ ಬಂದಿಲ್ವಾ?

ಬಂದಿದೆ. ಬಾರ್ಬರ್‌ವ್ಯಾಕ್ಸ್ ಅನ್ನುವ ಲಸಿಕೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಬಳಕೆಗೆ ಬಂತು, ಕುರಿಗಳಿಗೆ. ಹೀಮಾಂಕಸಿನ ಕರುಳಿನಿಂದ ತೆಗೆದ ಪ್ರೋಟೀನನ್ನು ಚುಚ್ಚುತ್ತಾರೆ. ಕುರಿಯ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಹುಳು ರಕ್ತ ಹೀರಿದಾಗ ಆ ಪ್ರತಿಕಾಯ ಅದರ ಕರುಳನ್ನೇ ಕೆಡಿಸುತ್ತದೆ. ರಕ್ಷಣೆ ಹೆಚ್ಚು ದಿನ ನಿಲ್ಲದ ಕಾರಣ ಹುಳುವಿನ ಕಾಲದಲ್ಲಿ ಸುಮಾರು ಆರು ವಾರಕ್ಕೊಮ್ಮೆ ಮತ್ತೆ ಚುಚ್ಚಬೇಕು.

ಹುಳು ತಡೆಯುವ ಮೇಕೆಗಳನ್ನೇ ಆರಿಸಿ ಬೆಳೆಸಬಹುದಾ?

ಬಹುದು, ಮತ್ತು ಎಲ್ಲರೂ ಮಾಡಬೇಕಾದ ಕೆಲಸ ಇದು. ಹುಳು ತಡೆಯುವ ಗುಣ ಸ್ವಲ್ಪ ಮಟ್ಟಿಗೆ ತಾಯಿತಂದೆಯಿಂದ ಮರಿಗೆ ಇಳಿಯುತ್ತದೆ. ಪ್ರತಿ ಮೇಕೆಗೂ ಕಿವಿಗೆ ಸಂಖ್ಯೆ ಹಾಕಿ, ಕಣ್ಣಿನ ಅಂಕ ಮತ್ತು ಔಷಧಿ ಕೊಟ್ಟ ದಿನ ಬರೆದಿಡಿ. ಒಂದೆರಡು ಮಳೆಗಾಲದ ಪುಸ್ತಕ ತಿರುವಿದರೆ, ಮತ್ತೆ ಮತ್ತೆ ಔಷಧಿ ಬೇಡುವ ಮೇಕೆಗಳು ತಾವೇ ಕಾಣುತ್ತವೆ. ಹಾಲು ಎಷ್ಟೇ ಕೊಡಲಿ, ಅವುಗಳ ಮರಿಗಳನ್ನು ತಳಿಗೆ ಇಟ್ಟುಕೊಳ್ಳಬೇಡಿ. ಹೋತದ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಒಂದು ಹೆಣ್ಣುಮೇಕೆಯ ಗುಣ ಅದರ ಕೆಲವು ಮರಿಗಳಿಗೆ ಹೋದರೆ, ಒಂದು ಹೋತದ ಗುಣ ಆ ವರ್ಷದ ಎಲ್ಲ ಮರಿಗಳಿಗೂ ಹೋಗುತ್ತದೆ. ಹೋತಮರಿ ಆರಿಸುವಾಗ ಮೈಕಟ್ಟು ನೋಡುವುದಕ್ಕೂ ಮೊದಲು ಅದರ ತಾಯಿಯ ಕಣ್ಣಿನ ಅಂಕಗಳ ಪುಟ ತೆಗೆದು ನೋಡಿ.